ಈಶಾನ್ಯ ಮೂಲೆಯ ಮೀಟರು

ಸಾತಪುರದ ದ್ರಾಕ್ಷಿ ರಸದ ಕಾರ್ಖಾನೆಯಲ್ಲಿ ಪೈಪಿನಲ್ಲಿ ಹರಿಯುವ ರಸ ಅಳೆಯಲು ನಾನು ಕೂರಿಸಿದ್ದ ಮೀಟರು ಚೆನ್ನಾಗಿಯೇ ಇತ್ತು. ದಸರಾ ಮುಗಿದದ್ದೇ ಮಾಲೀಕರ ಫೋನು ಬಂತು: "ನಿಮ್ಮ ಮೀಟರು ಸುಳ್ಳು ಹೇಳ್ತದ, ವಾಪಸ್ ಒಯ್ರಿ."

ಹೋಗಿ ನೋಡಿದರೆ, ಬೀದರ್ ಕಡೆಯ ಆ ಮಾಲೀಕರು ಆಯುಧಪೂಜೆಗೆ ಬಂದ ಸ್ವಾಮಿಗಳ ಮಾತು ಕೇಳಿ ಅದನ್ನು ಈಶಾನ್ಯ ಮೂಲೆಗೆ, ಪೈಪು ತಿರುಗುವಲ್ಲಿಗೇ ಸರಿಸಿದ್ದರು. ಮೀಟರಿನೊಳಗೆ ಅಯಸ್ಕಾಂತ ಇರುತ್ತದೆ. ಅದನ್ನು ದಾಟುವಾಗ ರಸದಲ್ಲಿ ಹುಟ್ಟುವ ಚೂರು ವಿದ್ಯುತ್ತಿನಿಂದಲೇ ಹರಿವಿನ ಲೆಕ್ಕ. ತಿರುವಿನಲ್ಲಿ ರಸ ಹೊರಬದಿಗೆ ನುಗ್ಗಿ ಸುಳಿಯುತ್ತದೆ, ಲೆಕ್ಕ ತಪ್ಪುತ್ತದೆ.

"ಶಿಫ್ಟ್ ಬಿಟ್ಟಾಗ ಗೇಟಿನ ತಿರುವಿನಾಗ ನಿಂತು ಗಾಡಿ ಎಣಿಸ್ತೀರೇನ್ರಿ? ನೆಟ್ಟಗಿನ ರೋಡಿನಾಗ ಎಣಿಸ್ಬೇಕು," ಎಂದೆ.

"ಅದು ಖರೆ. ಆದ್ರ ಈಶಾನ್ಯ ಬಿಡಾಂಗಿಲ್ರಿ."

ನಾನೂ ಬಿಡುವವನಲ್ಲ. ಮೀಟರನ್ನು ನೇರ ಪೈಪಿಗೆ ಮರಳಿಸಿದೆ. ಅಂಕಿ ತೋರಿಸುವ ಡಬ್ಬಿಯನ್ನು ಮಾತ್ರ ಬಿಚ್ಚಿ, ಉದ್ದನೆಯ ಕೇಬಲ್ ಎಳೆದು ಈಶಾನ್ಯದ ಗೋಡೆಗೆ ಹಾಕಿದೆ. ಸಂಜೆ ಟ್ಯಾಂಕಿನ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎದೆ ಉಬ್ಬಿಸಿ ನಿಂತೆ.

ಮಾಲೀಕರು ಡಬ್ಬಿಗೆ ಕುಂಕುಮ ಹಚ್ಚಿ, ನನ್ನ ಕೈಗೆ ಪೇಢೆ ಇಟ್ಟು ಹೇಳಿದರು: "ನಾ ಮೊದಲೇ ಹೇಳಿದ್ದೆ ನೋಡ್ರಿ, ಈಶಾನ್ಯಕ್ಕ ಹಾಕಿದ್ರ ಖರೇನೇ ಹೇಳ್ತದ."

ಈಗ ಎಲ್ಲಿಗೆ ಹೋದರೂ ನನ್ನ ಚೀಲದಲ್ಲಿ ಉದ್ದನೆಯ ಕೇಬಲ್ ಇದ್ದೇ ಇರುತ್ತದೆ.