ಪರೀಕ್ಷೆಯ ಅಂಚಿನಿಂದ ಐದು ಸೆಂಟಿಮೀಟರ್

ಮಸಿಯ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ನಿಕಾಸಿಯಾ ವಾರಾಚಿ ಮೆಟ್ಟಿಲ ಮೇಲೆ ಕೂತಿದ್ದಾರೆ. ಎರಡು ಸ್ವೆಟರು, ಮೇಲೊಂದು ಶಾಲು, ಶಾಲಿನೊಳಗೆ ಡಬ್ಬಿ. ಬೆಳಗಿನ ಐದೂವರೆ. ಎತ್ತರದ ಗಣಿಯೂರು ಒರುರೊದ ಚಳಿಗೆ ಮುದ್ರಣದ ಮಸಿ ಬೆಲ್ಲದಚ್ಚಿನಂತೆ ಗಟ್ಟಿಯಾಗುತ್ತದೆ. ಹೀಟರಿನ ಮುಂದಿಟ್ಟರೆ ಅಂಚು ನೀರಾಗಿ ನಡು ಕಲ್ಲಾಗಿಯೇ ಉಳಿಯುತ್ತದೆ. ಅದನ್ನು ಸಮನಾಗಿ ಮೆತ್ತಗಾಗಿಸುವುದು ಮೈಯ ಬಿಸಿಯೊಂದೇ.

“ಎಷ್ಟು ತಿಂಗಳು?” ಅಚ್ಚಿನ ಯಂತ್ರ ಓಡಿಸುವ ತಿಯೋಫಿಲೊ ನೇರಳೆ ಜೋಳದ ಬಿಸಿ ಆಪಿಯ ಲೋಟ ಚಾಚುತ್ತಾ ಕೇಳುತ್ತಾನೆ. ಹತ್ತೊಂಬತ್ತು ವರ್ಷಗಳಿಂದ, ಚಳಿಗಾಲದ ಪ್ರತಿ ಬೆಳಿಗ್ಗೆ, ಇದೇ ಪ್ರಶ್ನೆ.

“ದಿನ ತುಂಬಿದೆ. ಅಪ್ಪ ನೀನಲ್ಲ, ಹೆದರಬೇಡ.”

ಕಾಗದದ ರೀಮುಗಳ ಮೇಲೆ ಕಾಲು ಮಡಚಿ ಕೂತ ಹುಡುಗಿಗೆ ನಗು ಬರುವುದಿಲ್ಲ. ರೋಸ್ಮೆರಿ ಕಾಯೊ, ಭೂವಿಜ್ಞಾನದ ಮೂರನೇ ವರ್ಷ. ಕೈಯ ಉಗುರುಗಳನ್ನು ಒಂದೊಂದಾಗಿ ಕಚ್ಚಿ ಮುಗಿಸಿದ್ದಾಳೆ.

“ದೋನ್ಯಾ, ಇವತ್ತು ಆಗತ್ತಾ?” ಹಿರಿಯ ಹೆಂಗಸರನ್ನು ಇಲ್ಲಿ ಎಲ್ಲರೂ ದೋನ್ಯಾ ಎಂದೇ ಕರೆಯುವುದು.

“ಪ್ಲೇಟು ಯಂತ್ರಕ್ಕೆ ಏರಿದೆಯಲ್ಲೇ. ಇನ್ನೇನು ನಿನ್ನ ಪ್ರಶ್ನೆ?”

“ಎಂಟು ಗಂಟೆಗೆ ನಿರ್ದೇಶಕರು ಬರ್ತಾರಂತೆ.”

“ಬರಲಿ. ನಾವು ಆರಕ್ಕೇ ಶುರು ಮಾಡ್ತೀವಿ.”

ಡಬ್ಬಿ ಶಾಲಿನಿಂದ ಹೊರಬರುತ್ತದೆ. ತಿಯೋಫಿಲೊ ಚಪ್ಪಟೆ ಚಾಕುವಿನಿಂದ ಮಸಿ ಎತ್ತಿ ರೋಲರಿಗೆ ಸವರುತ್ತಾನೆ. ಯಂತ್ರ ಎರಡು ಸಲ ಕೆಮ್ಮಿ ಓಡತೊಡಗುತ್ತದೆ. ನೆಲಮಾಳಿಗೆಯ ಗೋಡೆಗಳು ಅದುರುತ್ತವೆ. ಮೇಲಿನ ನಾಲ್ಕು ಮಹಡಿಗಳ ತುಂಬ ಗಣಿ ಎಂಜಿನಿಯರಿಂಗ್ ತರಗತಿಗಳು. ಅಲ್ಲಿಗೆ ಇನ್ನೂ ಯಾರೂ ಬಂದಿಲ್ಲ.

ಊರಿನಲ್ಲೇ ಚಿಕ್ಕದಾದ ಈ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಮುಖ್ಯ ಕೆಲಸ ಪರೀಕ್ಷೆಯ ಉತ್ತರ ಪತ್ರಿಕೆ. ಒಂದು ಹಾಳೆಯಲ್ಲಿ ಪಕ್ಕಪಕ್ಕ, ನಡುವೆ ಮಡಚುವ ಎರಡು ಪತ್ರಿಕೆ ಅಚ್ಚಾಗುತ್ತವೆ: ಹೆಸರು, ಕ್ರಮಸಂಖ್ಯೆ, ವಿಷಯ, ಗೆರೆಗಳು. ಅವುಗಳ ಬಲಕ್ಕೆ, ಹಾಳೆಯ ಅಂಚಿನಲ್ಲಿ, ಒಂಬತ್ತು ಸೆಂಟಿಮೀಟರ್ ಅಗಲದ ಖಾಲಿ ಜಾಗ. ಖಾಲಿಯಲ್ಲ. ಅಲ್ಲಿ ರೋಸ್ಮೆರಿಯ ಕತೆ ಇದೆ. ಅದೇ ಪ್ಲೇಟು, ಅದೇ ಮಸಿ, ಅದೇ ಒಂದು ಓಟ. ಪರೀಕ್ಷೆಯೂ ಕತೆಯೂ ಅಂಟಿಕೊಂಡೇ ಹುಟ್ಟುತ್ತವೆ. ಅವನ್ನು ಬೇರ್ಪಡಿಸುವುದು ನಿಕಾಸಿಯಾ ಅವರ ಕತ್ತರಿ ಯಂತ್ರ.

ಕತ್ತರಿಸಿ ಬಿದ್ದ ಪಟ್ಟಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಬಾಲ. ಉದ್ದ ಅರವತ್ತಾರು ಸೆಂಟಿಮೀಟರ್. ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿದರೆ ಅಂಗಿಯ ಜೇಬಿಗೆ ಸರಿಯಾಗುವ ಪುಸ್ತಕ. ಸಾಲಿಗೆ ಐದಾರು ಪದ ಹಿಡಿಸುತ್ತವೆ, ಹೆಚ್ಚಿಲ್ಲ. ಹೀಗಾಗಿ ಇಲ್ಲಿ ಓದಿದವರೆಲ್ಲ ಮೊಟಕು ಸಾಲುಗಳಲ್ಲಿ ಬರೆಯುತ್ತಾರೆ. ಊರುಬಿಟ್ಟು ದೊಡ್ಡ ಪುಟಗಳಿಗೆ ಹೋದ ಮೇಲೂ ಅವರ ಉಸಿರು ಒಂಬತ್ತು ಸೆಂಟಿಮೀಟರಿಗೆ ಮುಗಿಯುತ್ತದೆ. ಇನ್ನೊಂದು ವಿಚಿತ್ರ: ಪರೀಕ್ಷೆ ಹತ್ತಿರವಾದಷ್ಟೂ ಇಲ್ಲಿ ಕವಿತೆಗಳು ಹೆಚ್ಚುತ್ತವೆ, ರಜೆಯಲ್ಲಿ ಒಂದೂ ಹುಟ್ಟುವುದಿಲ್ಲ.

ಇದೆಲ್ಲ ಶುರುವಾದದ್ದು ಒಂದು ತಪ್ಪಿನಿಂದ.

ಗಣಿ ಮುಚ್ಚಿದ ವರ್ಷ ವನುನಿಯ ಕಾರ್ಮಿಕರ ಕೇರಿಯಿಂದ ಹೊರಟು ಬಂದಾಗ ನಿಕಾಸಿಯಾಗೆ ಹತ್ತೊಂಬತ್ತು. ಐದನೇ ಇಯತ್ತೆ ಓದಿದ್ದರು. ಮನೆಮಾತು ಕೆಚುವಾ, ಬೆಟ್ಟದ ಮೂಲ ನಿವಾಸಿಗಳ ನುಡಿ. ಬಸ್ ನಿಲ್ದಾಣದಲ್ಲಿ ಬೇಯಿಸಿದ ಬೀನ್ಸು ಮಾರಿದರು, ಆಮೇಲೆ ಈ ಕಟ್ಟಡದ ನೆಲ ಒರೆಸಿದರು. ಒಂದು ದಿನ ಕತ್ತರಿ ಯಂತ್ರದವನ ಎರಡು ಬೆರಳು ಹೋದವು. ಆ ಜಾಗಕ್ಕೆ ಯಾವ ಗಂಡಸೂ ಮುಂದೆ ಬರಲಿಲ್ಲ. “ನಾನು ಆ ಯಂತ್ರದ ಕೆಳಗೆ ಒಂಬತ್ತು ವರ್ಷ ಗುಡಿಸಿದ್ದೆ. ಅದರ ಬುದ್ಧಿ ನನಗೆ ಗೊತ್ತಿತ್ತು. ನಾನು ನೋಡ್ಕೋತೀನಿ ಅಂದೆ” ಎನ್ನುತ್ತಾರೆ. ಈಗ ವಯಸ್ಸು ಐವತ್ತೆಂಟು. ಎರಡೂ ಕೈ ಎತ್ತಿ ತೋರಿಸುತ್ತಾರೆ. ಬೆರಳುಗಳು ಹತ್ತೂ ಇವೆ.

ಕೆಲಸಕ್ಕೆ ಸೇರಿದ ಎರಡನೇ ವಾರ ಕಾಗದ ನಿಲ್ಲಿಸುವ ಕಬ್ಬಿಣದ ತಡೆಯನ್ನು ತಪ್ಪು ಗುರುತಿಗೆ ತಿರುಗಿಸಿದರು. ನಿಯಮದಂತೆ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಹೋಗಬೇಕಿತ್ತು. ಒಂಬತ್ತು ಹೋಯಿತು. ಗೊತ್ತಾಗುವಷ್ಟರಲ್ಲಿ ಐದು ರೀಮು ಕತ್ತರಿಸಿಯಾಗಿತ್ತು.

“ಬಾಲಗಳನ್ನೆಲ್ಲ ಬಾಚಿ ಮೇಜಿನಡಿ ತುರುಕಿದೆ. ಕೆಲಸ ಹೋಯ್ತು ಅಂತ ಎಲ್ಲ ಕಟ್ಟಿಟ್ಟುಕೊಂಡು ಕಾದೆ. ಒಂದು ದಿನ, ಎರಡು ದಿನ. ಪರೀಕ್ಷೆ ಆಯಿತು. ಮಕ್ಕಳು ಬರೆದರು, ಮೇಷ್ಟ್ರುಗಳು ಅಂಕ ಹಾಕಿದರು. ಒಬ್ಬನೂ, ಒಬ್ಬನೇ ಒಬ್ಬನೂ, ಪತ್ರಿಕೆ ಸಣ್ಣದಾಗಿದೆ ಅನ್ನಲಿಲ್ಲ. ಇಡೀ ಕಟ್ಟಡದ ತುಂಬ ಎಂಜಿನಿಯರುಗಳು!”

ಮೇಜಿನಡಿಯ ಬಾಲ ಮೊದಲು ಕಂಡದ್ದು ಪ್ರಬಂಧ ಹೊಲಿಸಲು ಬಂದ ಒಬ್ಬ ಕೃಷಿ ವಿದ್ಯಾರ್ಥಿನಿಗೆ. ಕಾಯುತ್ತಾ ಕೂತವಳು ಒಂದನ್ನು ಎಳೆದುಕೊಂಡು ಬರೆಯತೊಡಗಿದಳು. ಬರೆದು ಮುಗಿಸಿ, ಇದನ್ನು ಅಚ್ಚು ಮಾಡಬಹುದೇ ಎಂದಳು. ತಿಯೋಫಿಲೊ ಅತ್ತಿತ್ತ ನೋಡಿ, ಪ್ಲೇಟಿನ ಅಂಚಿನಲ್ಲಿ ಹೇಗೂ ಜಾಗ ಇದೆಯಲ್ಲ ಎಂದ. ನಿಕಾಸಿಯಾ ತಡೆಯನ್ನು ಸರಿಯಾದ ಗುರುತಿಗೆ ತರಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಅಲ್ಲಿಂದೀಚೆಗೆ ತಡೆ ಒಂಬತ್ತರಲ್ಲೇ ಇದೆ. ನಾಲ್ಕು ನಿಯಮದ್ದು, ಐದು ಕದ್ದದ್ದು. ಅವರೇ ಹಾಗೆನ್ನುತ್ತಾರೆ: “ಕದ್ದದ್ದೇ. ಸುಳ್ಳು ಯಾಕೆ? ಪರೀಕ್ಷೆ ಹತ್ತಿರ ಬೇಕಾದಷ್ಟಿದೆ.”

ದಿನಕ್ಕೆ ಆರು ರೀಮು, ಪರೀಕ್ಷೆಯ ವಾರಗಳಲ್ಲಿ ಹನ್ನೆರಡು. ಒಂದೊಂದು ಬರಹಕ್ಕೆ ಇನ್ನೂರು ಬಾಲ, ಉಳಿದ ಹಾಳೆಗಳ ಅಂಚು ಹೆಚ್ಚಾಗಿ ಖಾಲಿ, ಆಗೊಮ್ಮೆ ಈಗೊಮ್ಮೆ ಮತ್ತೊಬ್ಬರ ಬರಹ. ಇದುವರೆಗೆ ನಾನೂರ ಹನ್ನೆರಡು ಶೀರ್ಷಿಕೆಗಳು. ಪ್ರತಿಯೊಂದರ ಒಂದು ಪ್ರತಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಕ್ಕೆ ಕ್ಲಿಪ್ಪಿನಲ್ಲಿ ತೂಗುತ್ತದೆ. ಕಾರ್ನಿವಲ್ ಹಬ್ಬದ ಮಂಗಳವಾರ ಪೂಜೆಯೆಂದು ಯಂತ್ರಗಳ ಪಾದಕ್ಕೆ ಬಿಯರು ಸುರಿದು, ಬಣ್ಣದ ಕಾಗದ ಎರಚುವಾಗ, ಕತ್ತರಿ ಯಂತ್ರದ ಕೊರಳಿಗೆ ಬೀಳುವ ಹಾರವೂ ಬಾಲಗಳದ್ದೇ.

ನಿಯಮಗಳು ಎರಡೇ. ಬರೆದವರೇ ಮಡಚಬೇಕು. ಅಚ್ಚಿಗೆ ಮುಂಚೆ ಯಾರೂ ಓದಬಾರದು. ನಿಕಾಸಿಯಾ ಕೂಡ ಓದುವುದಿಲ್ಲ; ಮಸಿ ಹರಡಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಅಷ್ಟೆ. ಓದುವುದು ಆಮೇಲೆ, ಮನೆಗೆ ಹೋಗುವ ಬಸ್ಸಿನಲ್ಲಿ. ಕೆಚುವಾದಲ್ಲಿ ಬರೆದದ್ದಾದರೆ ಇಳಿಯುವ ನಿಲ್ದಾಣ ದಾಟಿ ಹೋಗುವುದೂ ಉಂಟು.

ಕಳೆದ ಏಪ್ರಿಲಿನ ಒಂದು ಬೆಳಿಗ್ಗೆ ರೋಸ್ಮೆರಿಯ ಮೊದಲ ಕತೆ ಬಂತು. ಒಬ್ಬ ಮೇಷ್ಟ್ರು, ಅವರ ಕೋಣೆ, ಅಂಕ ಹೆಚ್ಚಿಸಿಕೊಳ್ಳಲು ಸಂಜೆ ಒಬ್ಬೊಬ್ಬರೇ ಬರಬೇಕಾದ ಹುಡುಗಿಯರು. ಒಂದು ಹೆಸರೂ ಇರಲಿಲ್ಲ. ಬಾಗಿಲ ಬಣ್ಣ ಮಾತ್ರ ಇತ್ತು. ಇಡೀ ವಿಶ್ವವಿದ್ಯಾಲಯದಲ್ಲಿ ಆ ಬಣ್ಣದ ಬಾಗಿಲು ಇದ್ದದ್ದು ಒಂದೇ. ಮಧ್ಯಾಹ್ನದೊಳಗೆ ಇನ್ನೂರು ಬಾಲಗಳೂ ಜೇಬು ಸೇರಿದವು. ವಾರದೊಳಗೆ ಬಾಗಿಲಿಗೆ ಬೇರೆ ಬಣ್ಣ ಬಳಿದರು. ತಿಂಗಳೊಳಗೆ ಮೇಷ್ಟ್ರು ಅನಾರೋಗ್ಯದ ಕಾರಣ ಕೊಟ್ಟು ಹೋದರು.

ಆಮೇಲೆ ಪ್ರಕಟಣಾ ವಿಭಾಗದ ಹೊಸ ನಿರ್ದೇಶಕರು ಬಾಲಗಳು ಎಲ್ಲಿಂದ ಬರುತ್ತವೆ ಎಂದು ಕೇಳತೊಡಗಿದರು. ಒರ್ಲಾಂದೊ ಸಾವೆದ್ರಾ, ನಲವತ್ತರ ಆಸುಪಾಸು, ತೆಳು ಕನ್ನಡಕ. ಕಳೆದ ವಾರ ಅಳತೆಪಟ್ಟಿ ಹಿಡಿದು ಕೆಳಗಿಳಿದು ಬಂದರು. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಲು ತರಿಸಿದ ಯಂತ್ರ ಅವನ್ನು ನುಂಗುತ್ತಿರಲಿಲ್ಲ.

“ದೋನ್ಯಾ ನಿಕಾಸಿಯಾ, ಪತ್ರಿಕೆ ಇಪ್ಪತ್ತೆರಡು ಸೆಂಟಿಮೀಟರ್ ಅಗಲ ಇರಬೇಕು. ಇದು ಹತ್ತೊಂಬತ್ತೂವರೆ.”

“ಇಪ್ಪತ್ತೆರಡು ಇತ್ತು, ಲಿಸೆನ್ಸಿಯಾದೊ.” ಪದವಿ ಪಡೆದವರನ್ನು ಹಾಗೆ ಕರೆಯುವುದು ಇಲ್ಲಿಯ ಮರ್ಯಾದೆ.

“ಯಾವಾಗ?”

“ನೀವಿನ್ನೂ ಕಾಲೇಜಲ್ಲಿದ್ರಿ.”

ಅವರು ನಗುತ್ತಾ ಅಳತೆಪಟ್ಟಿ ಸುತ್ತಿಕೊಂಡು ಹೋದರು. ಹೋದ ರೀತಿ ತಿಯೋಫಿಲೊಗೆ ಹಿಡಿಸಲಿಲ್ಲ. “ಬೈದಿದ್ದರೆ ಚೆನ್ನಾಗಿತ್ತು. ನಗ್ತಾ ಹೋದ ಮನುಷ್ಯ ಏನಾದರೂ ತಗೊಂಡೇ ಬರೋದು.”

ಇವತ್ತು ತಗೊಂಡೇ ಬಂದಿದ್ದಾರೆ. ಎಂಟಕ್ಕೆ ಐದು ನಿಮಿಷ. ರೋಸ್ಮೆರಿಯ ಹೊಸ ಕತೆ ಆಗಲೇ ಕತ್ತರಿಸಿಯಾಗಿದೆ. ಅವಳು ನೆಲದ ಮೇಲೆ ಕೂತು ಮಡಚುತ್ತಿದ್ದಾಳೆ. ನಿರ್ದೇಶಕರು ಅವಳಿಗೆ “ಶುಭೋದಯ” ಎನ್ನುತ್ತಾರೆ, ಬಾಲಗಳನ್ನು ತುಳಿಯದಂತೆ ಸುತ್ತಿ ಬರುತ್ತಾರೆ, ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಡುತ್ತಾರೆ.

ಪೂರ್ತಿ ಅಳತೆಯ ಪುಟ. ದಪ್ಪ ಕಾಗದ. ನಾಲ್ಕು ಬಣ್ಣದ ಹೊದಿಕೆ. ವಿದ್ಯಾರ್ಥಿ ಸಾಹಿತ್ಯ ಮಾಲೆ, ಒಂದನೇ ಸಂಪುಟ. ಒಳಗೆ ಹಗ್ಗದಲ್ಲಿ ತೂಗುವ ನಾನೂರ ಹನ್ನೆರಡರಿಂದ ಆಯ್ದ ಹತ್ತು ಕವಿತೆಗಳು.

“ನಾನೂ ಬರೀತಿದ್ದೆ, ದೋನ್ಯಾ. ನನ್ನ ಕಾಲದಲ್ಲಿ ಈ ಕೆಲಸ ಮಾಡುವ ನಿಮ್ಮಂಥವರು ಇರಲಿಲ್ಲ. ಇನ್ನು ಕದ್ದುಮುಚ್ಚಿ ಮಾಡೋದು ಬೇಡ. ವರ್ಷಕ್ಕೆ ನಾಲ್ಕು ಪುಸ್ತಕ ತರೋಣ. ಕೊನೆಯ ಪುಟ ನೋಡಿ.”

ನಿಕಾಸಿಯಾ ಕೈ ಒರೆಸಿಕೊಂಡು ಕೊನೆಯ ಪುಟ ತೆರೆಯುತ್ತಾರೆ. ಕತ್ತರಿ ಕೆಲಸ ಮತ್ತು ಮೇಲ್ವಿಚಾರಣೆ: ನಿಕಾಸಿಯಾ ವಾರಾಚಿ. ಕೋಟಿಗಟ್ಟಲೆ ಅಕ್ಷರಗಳು ಅವರ ಕೈಯಡಿ ಹಾದುಹೋಗಿವೆ. ಈ ಹೆಸರಿನ ಅಕ್ಷರಗಳು ಎಂದೂ ಹಾದುಹೋದದ್ದಿಲ್ಲ. ಹೆಬ್ಬೆರಳು ಹೆಸರಿನ ಮೇಲೆ ಒಮ್ಮೆ ಹೋಗಿ, ಒಮ್ಮೆ ವಾಪಸು ಬರುತ್ತದೆ.

“ಮಸಿ ಹರಡಿಲ್ಲ” ಎನ್ನುತ್ತಾರೆ. “ಒಳ್ಳೇ ಕೆಲಸ. ಎಲ್ಲಿ ಮಾಡಿಸಿದ್ರಿ?”

“ಲಾ ಪಾಸಿನಲ್ಲಿ.”

“ಇದರಲ್ಲಿ ಕೆಚುವಾದ್ದು ಎಷ್ಟು?”

“ಈ ಸಲ ಇಲ್ಲ. ಮುಂದೆ ನೋಡೋಣ.”

“ಮುಂದೆ ಬರೋದನ್ನ ಆರಿಸೋದು ಯಾರು?”

“ಮೂವರ ಸಮಿತಿ. ನಾನು, ಉಪಕುಲಪತಿಗಳ ಕಚೇರಿಯವರೊಬ್ಬರು, ವಕೀಲರೊಬ್ಬರು. ಅಚ್ಚಿಗೆ ಮುಂಚೆ ಯಾರಾದರೂ ಓದಬೇಕಲ್ವಾ, ದೋನ್ಯಾ?”

“ಬರೆದವಳು ಓದಿರ್ತಾಳಲ್ಲ.”

ನೆಲದ ಮೇಲಿನ ಹುಡುಗಿಯ ಕೈ ನಿಂತಿದೆ. ನಿರ್ದೇಶಕರು ನಿಕಾಸಿಯಾ ಕಡೆಗೆ ಬಗ್ಗುತ್ತಾರೆ.

“ನೋಡಿ, ನಿಮ್ಮ ನಿವೃತ್ತಿಗೆ ಒಂದೂವರೆ ವರ್ಷ ಇದೆ. ಹತ್ತೊಂಬತ್ತು ವರ್ಷ ವಿಶ್ವವಿದ್ಯಾಲಯದ ಕಾಗದ ಅಳತೆ ತಪ್ಪಿಸಿ ಕತ್ತರಿಸಿದ್ದು ತನಿಖೆಗೆ ಹೋದರೆ ಪಿಂಚಣಿ ಏನಾಗತ್ತೆ ಅಂತ ನನಗೂ ಹೇಳೋಕಾಗಲ್ಲ. ಮಾಲೆ ಶುರುವಾದರೆ ಅದನ್ನೆಲ್ಲ ಯಾರೂ ಕೆದಕಲ್ಲ. ನೀವು ಮಾಡಬೇಕಾದ್ದು ಇಷ್ಟೇ. ತಡೆಯನ್ನ ನಾಲ್ಕಕ್ಕೆ ತನ್ನಿ. ಮಾಲೆಯ ಮೇಲ್ವಿಚಾರಕಿ ಅಂತ ಈ ಪತ್ರಕ್ಕೊಂದು ಸಹಿ ಹಾಕಿ.”

ತಿಯೋಫಿಲೊ ಯಂತ್ರ ನಿಲ್ಲಿಸುತ್ತಾನೆ. ಈ ಹೊತ್ತಿನಲ್ಲಿ ಅದು ನಿಂತದ್ದನ್ನು ಯಾರೂ ಕೇಳಿಲ್ಲ.

ನಿಕಾಸಿಯಾ ಏಳುತ್ತಾರೆ. ಕತ್ತರಿ ಯಂತ್ರದ ಹಿಂದೆ ಹೋಗಿ ತಡೆಯ ತಿರುಪು ಸಡಿಲಿಸುತ್ತಾರೆ. ಹತ್ತೊಂಬತ್ತು ವರ್ಷದ ತುಕ್ಕು. ಎರಡೂ ಕೈ ಹಾಕಬೇಕಾಗುತ್ತದೆ. ಚಕ್ರ ಕಿರ್ರೆಂದು ತಿರುಗುತ್ತದೆ. ಎಂಟು, ಏಳು, ಆರು, ಐದು. ನಾಲ್ಕು. ತಿರುಪು ಬಿಗಿಯುತ್ತಾರೆ. “ದೋನ್ಯಾ...” ಎನ್ನುತ್ತಾಳೆ ರೋಸ್ಮೆರಿ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ನಿರಾಳವಾಗಿ.

“ಅಳತೆಪಟ್ಟಿ ತಂದಿದೀರಾ? ಹಿಡಿದು ನೋಡಿ.”

“ಬೇಡ, ನಂಬಿಕೆ ಇದೆ.”

“ಇಲ್ಲ, ನೋಡಿ.”

ಅವರು ನೋಡುತ್ತಾರೆ. ನಾಲ್ಕು. ಕೂದಲೆಳೆಯಷ್ಟೂ ಹೆಚ್ಚಿಲ್ಲ.

ನಿಕಾಸಿಯಾ ಖಾಲಿ ಹಾಳೆಗಳ ಒಂದು ಕಟ್ಟು ತಟ್ಟಿ ಸಮ ಮಾಡಿ ಒಳಕ್ಕೆ ತಳ್ಳುತ್ತಾರೆ. ಎರಡು ಕೈಗೆ ಎರಡು ಗುಂಡಿ. ಅಲಗು ಇಳಿಯುತ್ತದೆ. ಮುಂದೆ ಬಿದ್ದ ಬಾಲಗಳು ರಿಬ್ಬನ್ನಿನಂತಿವೆ. ನಾಲ್ಕು ಸೆಂಟಿಮೀಟರ್ ಅಗಲ, ಅರವತ್ತಾರು ಉದ್ದ. ನಿಯಮದ ಪ್ರಕಾರ ಕಸ. ಹತ್ತೊಂಬತ್ತು ವರ್ಷಕ್ಕೆ ಮುಂಚೆಯೂ ಯಾರ ಕಡತದಲ್ಲೂ ಇರಲಿಲ್ಲ, ಈಗಲೂ ಇಲ್ಲ.

ಒಂದನ್ನು ಎತ್ತಿ ರೋಸ್ಮೆರಿಗೆ ಕೊಡುತ್ತಾರೆ. “ಇದರಲ್ಲಿ ಸಾಲಿಗೆ ಎಷ್ಟು ಪದ ಹಿಡಿಸತ್ತೆ, ನೋಡು ಮಗಳೇ.”

ಹುಡುಗಿ ಅದನ್ನು ಮೊಣಕಾಲ ಮೇಲೆ ಚಾಚಿ, ಪೆನ್ನು ತೆಗೆದು, ಮೇಲಿನಿಂದ ಬರೆಯತೊಡಗುತ್ತಾಳೆ.

“ಎರಡು” ಎನ್ನುತ್ತಾಳೆ. “ಕೆಚುವಾದ ಪದ ಉದ್ದ, ಅದಾದರೆ ಒಂದೇ. ಸಾಕು, ದೋನ್ಯಾ.”

“ಸಾಕಂತೆ” ಎಂದು ತಿಯೋಫಿಲೊ ಯಾರಿಗೋ ಹೇಳುವಂತೆ ಹೇಳಿ ಯಂತ್ರದ ಗುಂಡಿ ಒತ್ತುತ್ತಾನೆ.

ನಿರ್ದೇಶಕರು ಸದ್ದಿನ ಮೇಲೆ ಕೂಗಬೇಕಾಗುತ್ತದೆ. “ದೋನ್ಯಾ, ದುಡುಕಬೇಡಿ. ಪುಸ್ತಕವನ್ನಾದರೂ ಇಟ್ಟುಕೊಳ್ಳಿ. ನಿಮ್ಮ ಹೆಸರಿದೆ ಅದರಲ್ಲಿ. ಮನೆಗೆ ಒಯ್ದು ಎಲ್ಲರಿಗೂ ತೋರಿಸಿ, ಯೋಚನೆ ಮಾಡಿ, ಸೋಮವಾರ ಹೇಳಿ.”

ನಿಕಾಸಿಯಾ ಪುಸ್ತಕವನ್ನು ಎತ್ತಿ, ಮೂಲೆ ಮಡಚದಂತೆ ಎರಡೂ ಕೈಯಲ್ಲಿ ಹಿಡಿದು, ಅವರ ಎದೆಯ ಮಟ್ಟಕ್ಕೆ ಚಾಚುತ್ತಾರೆ.

“ಬೇಡ.”