ಸೋಪಣ್ಣನ ಬೋಳು ಎದೆ

ಆ ಕ್ಷೌರಿಕನಿಗೆ ಸೋಪಣ್ಣ ಅಂತ ಹೆಸರಿಟ್ಟವರು ಅವನ ಗಿರಾಕಿಗಳೇ. ಒಂದು ತಲೆ ಮುಗಿದರೆ ಕೈ ತೊಳೆಯಬೇಕು, ಒಂದು ಗಡ್ಡ ಮುಗಿದರೆ ಕೈ ತೊಳೆಯಬೇಕು, ಯಾರಾದರೂ ಸೀನಿದರೆ ಕುರ್ಚಿಯನ್ನೇ ತೊಳೆಯಬೇಕು. ಊರವರ ಕೂದಲಲ್ಲೇ ಅನ್ನ ಕಾಣುವ ಮನುಷ್ಯನಿಗೆ ಕೂದಲು ಕಂಡರೆ ಆಗದು. ತಲೆಯ ಮೇಲಿರುವಷ್ಟು ಹೊತ್ತು ಅದು ಕೂದಲು, ನೆಲಕ್ಕೆ ಬಿದ್ದ ಮರುಕ್ಷಣ ಹೊಲಸು. ಮಧ್ಯಾಹ್ನ ಮೊಣಕೈವರೆಗೆ ಉಜ್ಜಿ ತೊಳೆದು, ಅಂಗಿ ಬದಲಾಯಿಸಿ, ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ತೆರೆಯುತ್ತಿದ್ದ.

ಇಂಥವನಿಗೆ ಅವಳಿ ಮಕ್ಕಳು ಹುಟ್ಟಿದವು, ಅದೂ ಹತ್ತು ವಾರ ಮೊದಲೇ. ಹೆಂಡತಿಗೆ ಬಿಪಿ ಏರಿ, ಇನ್ನು ಕಾಯುವಂತಿಲ್ಲ ಅಂತ ಆಪರೇಷನ್ ಮಾಡಿ ತೆಗೆದರು. ಹೆಣ್ಣು ಒಂದು ಕಿಲೋ ಮುನ್ನೂರು ಗ್ರಾಂ, ಗಂಡು ಒಂದು ಕಿಲೋದ ಮೇಲೆ ಬರೀ ಐವತ್ತು ಗ್ರಾಂ. ಹೆಂಡತಿಯ ಹೊಲಿಗೆ ಕೀವುಗಟ್ಟಿ ಜ್ವರ ಬಂದದ್ದರಿಂದ ಅವಳು ಮೇಲಿನ ಮಹಡಿಯ ವಾರ್ಡಿನಲ್ಲಿ, ಮಕ್ಕಳು ಕೆಳಗೆ ಗಾಜಿನ ಪೆಟ್ಟಿಗೆಗಳಲ್ಲಿ. ನಡುವೆ ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಸೋಪಣ್ಣನದು.

ಮೊದಲ ದಿನ ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್ ಅವನಿಗೆ ಹಸಿರು ನಿಲುವಂಗಿ ತೊಡಿಸಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಅಂಗೈಯಗಲದ ಬೆನ್ನು, ಅದರ ಮೇಲೆ ಕೆಂಪಗೆ ಜಾರುವಂಥ ಚರ್ಮ, ಚರ್ಮದಡಿಯ ನರಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಬೆನ್ನು, ಭುಜ, ಹಣೆಯ ತುಂಬ ನವುರಾದ ಕಪ್ಪು ಕೂದಲು. ಮೂಗಿಗೊಂದು ನಳಿಕೆ, ಬಾಯಿಗೊಂದು ನಳಿಕೆ. ಗಂಡುಮಗುವಿನ ತಲೆಯ ಒಂದು ಪಕ್ಕವನ್ನು ಸೂಜಿ ಚುಚ್ಚಲು ಯಾರೋ ಅಡ್ಡಾದಿಡ್ಡಿ ಬೋಳಿಸಿದ್ದರು. ಅಪ್ಪನಾದವನ ಮನಸ್ಸಿನಲ್ಲಿ ಆಗ ಎದ್ದದ್ದು ಪ್ರೀತಿಯಲ್ಲ, ಹೇಸಿಗೆ. ಹೊರಗೋಡಿ ನಲ್ಲಿಯ ಕೆಳಗೆ ಕೈ ಒಡ್ಡಿದ. ಏನನ್ನೂ ಮುಟ್ಟಿರಲಿಲ್ಲ, ಆದರೂ ಮೂರು ಸಲ ತೊಳೆದ. ತಲೆಯೆತ್ತಿದರೆ ಕನ್ನಡಿಯಲ್ಲಿ ತನ್ನದೇ ಮುಖ. ಮಕ್ಕಳಿಗಿಂತ ಹೆಚ್ಚು ಹೇಸಿಗೆ ಅದನ್ನು ಕಂಡು ಆಯಿತು.

ಅಂಗಡಿಗೆ ಬಂದರೆ ಅಲ್ಲಿನದು ಬೇರೆಯೇ ಹಿಂಸೆ. “ಒಂದೇ ಏಟಿಗೆ ಎರಡಾ? ಭಾರಿ ಕೆಲಸಗಾರ ಬಿಡಪ್ಪ ನೀನು” ಅಂತ ಒಬ್ಬ ಕಣ್ಣು ಮಿಟುಕಿಸಿದ. ನಿವೃತ್ತ ಮೇಷ್ಟ್ರೊಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು, “ನನ್ನ ಷಡ್ಡಕನ ಮಗಳಿಗೂ ಹಿಂಗೇ ಆಗಿತ್ತು. ಒಂದು ಉಳೀಲಿಲ್ಲ. ಇನ್ನೊಂದು ಈಗ ಕಾಲೇಜಿಗೆ ಹೋಗುತ್ತೆ, ನೀನೇನೂ ಯೋಚ್ನೆ ಮಾಡ್ಬೇಡ” ಅಂದರು. ಕತ್ತಿ ಗಂಟಲ ಮೇಲಿರುವಾಗಲೂ ಜನ ಇಷ್ಟು ಧೈರ್ಯವಾಗಿ ಮಾತಾಡುತ್ತಾರಲ್ಲ ಅಂತ ಸೋಪಣ್ಣ ಹಲ್ಲು ಕಚ್ಚಿಕೊಂಡ. ಅತ್ತೆ ಊರಿಂದ ಫೋನ್ ಮಾಡಿ ಮೂಗು ಯಾರ ಥರ ಇದೆ ಅಂತ ಕೇಳಿದರು. ಮೂಗಿನ ಮೇಲೆ ಪಟ್ಟಿ ಅಂಟಿಸಿದ್ದಾರೆ ಅಂದರೆ, ಪಟ್ಟಿಯ ಆಚೀಚೆ ನೋಡಿದರೆ ಗೊತ್ತಾಗಲ್ವಾ ಅಂದರು.

ಇವರನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಮೇಲಿನ ವಾರ್ಡಿನ ಪ್ರಶ್ನೆ.

“ಮುಟ್ಟಿದ್ರಾ ಇವತ್ತು?” ಹೆಂಡತಿ ದಿನಾ ಸಂಜೆ ಕೇಳುತ್ತಿದ್ದಳು.

“ಹ್ಞೂಂ, ಮುಟ್ಟಿದೆ.”

“ಮೈ ಹೇಗಿದೆ?”

“ಬೆಚ್ಚಗಿದೆ. ಮೆತ್ತಗಿದೆ.”

ಹೇಳಿದ್ದು ಅಷ್ಟೂ ಹಸಿ ಸುಳ್ಳು. ಹನ್ನೊಂದು ದಿನ ಅವನು ಗಾಜಿನಿಂದ ಮಾರು ದೂರ ನಿಂತು, ಯಂತ್ರದ ಅಂಕಿ ನೋಡಿ ಬರುತ್ತಿದ್ದನೇ ಹೊರತು ಪೆಟ್ಟಿಗೆಯ ಕಿಂಡಿಯೊಳಗೆ ಒಂದು ಬೆರಳೂ ತೂರಿಸಿರಲಿಲ್ಲ.

ಹನ್ನೆರಡನೇ ದಿನ ದೊಡ್ಡ ಸಿಸ್ಟರ್ ತಡೆದು ನಿಲ್ಲಿಸಿದರು. “ನಾಳೆ ಬೆಳಿಗ್ಗೆ ಬನ್ನಿ. ಚಿಕ್ಕವನನ್ನ ನಿಮ್ಮ ಎದೆ ಮೇಲೆ ಮಲಗಿಸ್ತೀವಿ. ಬರೀ ಮೈಗೆ ಬರೀ ಮೈ ತಾಗಬೇಕು. ತೂಕ ಏರ್ತಿಲ್ಲ ಅವನದು. ತಾಯಿ ಬರೋ ಹಾಗಿಲ್ಲ, ನೀವೇ ಆಗಬೇಕು. ಸ್ನಾನ ಮಾಡ್ಕೊಂಡು ಬನ್ನಿ, ಅಷ್ಟೇ.”

ಅಷ್ಟೇ ಅಂದದ್ದು ಬೇರೆ ಯಾರಿಗಾದರೂ ಸಾಕಾಗುತ್ತಿತ್ತೇನೋ. ಸೋಪಣ್ಣನಿಗೆ ಸ್ನಾನ ಅಂದರೆ ಶುದ್ಧಿಯ ಶುರು ಮಾತ್ರ. ಅವನ ಎದೆಯ ಮೇಲೆ ಕರಡಿಯಂತೆ ಕೂದಲಿತ್ತು. ಕೂದಲು ಅಂದರೆ ಕೊಳೆ, ಕೊಳೆಯ ಮೇಲೆ ಹಸುಗೂಸನ್ನು ಹೇಗೆ ಮಲಗಿಸುವುದು? ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಎಳೆದುಕೊಂಡು, ಕನ್ನಡಿಯ ಮುಂದೆ ನಿಂತು, ಹೊಸ ಬ್ಲೇಡು ಹಾಕಿ ಎದೆ ಬೋಳಿಸಲು ಹೊರಟ. ಹದಿನಾಲ್ಕು ವರ್ಷದಲ್ಲಿ ಒಬ್ಬ ಗಿರಾಕಿಗೂ ಗಾಯ ಮಾಡದ ಕೈ ಆವತ್ತು ತನ್ನ ಮೈಯಲ್ಲೇ ಲೆಕ್ಕ ತಪ್ಪಿತು. ಏಳು ಕಡೆ ರಕ್ತ ಬಂತು. ಏಳಕ್ಕೂ ಆಫ್ಟರ್‌ಶೇವ್ ಸುರಿದುಕೊಂಡು, ಉರಿಗೆ ಕುಣಿದಾಡಿ, ಘಮಘಮ ಅನ್ನುತ್ತ ಆಸ್ಪತ್ರೆಗೆ ಹೋದ.

ಅವನು ಅಂಗಿ ಬಿಚ್ಚುತ್ತಿದ್ದಂತೆ ದೊಡ್ಡ ಸಿಸ್ಟರ್ ಕನ್ನಡಕ ಸರಿಮಾಡಿಕೊಂಡರು.

“ಯಾರು ಹೇಳಿದ್ರು ನಿಮಗೆ ಇದನ್ನ ಮಾಡೋಕೆ?”

“ಯಾರೂ ಇಲ್ಲ. ಕ್ಲೀನಾಗಿರಲಿ ಅಂತ...”

“ಕೂದಲಿಂದ ಅವನಿಗೆ ಏನೂ ಆಗಲ್ಲ ರೀ. ಗಾಯದಿಂದ ಆಗುತ್ತೆ. ಈ ಸೆಂಟಿನ ವಾಸನೆ ಬೇರೆ. ಇದೆಲ್ಲ ಮಾಯೋವರೆಗೂ ಅವನನ್ನ ಕೊಡೋಕಾಗಲ್ಲ. ನಾಲ್ಕು ದಿನ ಬಿಟ್ಟು ಬನ್ನಿ.”

ಇಂಗು ತಿಂದ ಮಂಗನಂತೆ ಹೊರಗೆ ಬಂದ ಸೋಪಣ್ಣನಿಗೆ ಮೊದಲು ಅನಿಸಿದ್ದು ಏನು ಗೊತ್ತೇ? ಅಬ್ಬಾ, ನಾಲ್ಕು ದಿನ ತಪ್ಪಿತು ಅಂತ. ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಆ ನೆಮ್ಮದಿ ಎಂಥದ್ದು ಅಂತ ಹೊಳೆಯಿತು. ಅಲ್ಲಿ ಒಂದು ಜೀವ ತೂಕ ಏರದೆ ಬಿದ್ದಿದೆ, ಇಲ್ಲಿ ಇವನಿಗೆ ನಿರಾಳ. ಕೂದಲಿಗಿಂತ, ಕೀವಿಗಿಂತ, ಜಗತ್ತಿನ ಸಕಲ ಹೊಲಸಿಗಿಂತ ತಾನೇ ಹೆಚ್ಚು ಹೊಲಸು ಅಂತ ಅವನಿಗೆ ಅನಿಸಿತು. ಯಾವ ಸೋಪೂ ಇದಕ್ಕೆ ಆಗಿಬರುವಂತಿರಲಿಲ್ಲ.

ಮೇಲಿನ ವಾರ್ಡಿಗೆ ಹೋದಾಗ, ಸಿಸ್ಟರ್ ಎದೆಯ ಗಾಯಗಳಿಗೆ ಅಂಟಿಸಿದ್ದ ಪಟ್ಟಿಗಳು ತೆಳು ಅಂಗಿಯೊಳಗಿಂದ ಹೆಂಡತಿಗೆ ಕಂಡವು.

“ಏನ್ರೀ ಅದು?”

ಅವನು ಸ್ಟೂಲು ಎಳೆದುಕೊಂಡು ಕೂತ. “ಅವನ್ನ ನಾನು ಮುಟ್ಟೇ ಇಲ್ಲ ಕಣೇ. ಒಂದು ದಿನಾನೂ ಮುಟ್ಟಿಲ್ಲ. ನಿನ್ನ ಹತ್ರ ಹೇಳಿದ್ದೆಲ್ಲ ಸುಳ್ಳು. ನೋಡಿದ್ರೆ ನಂಗೆ ಅಸಹ್ಯ ಆಗುತ್ತೆ. ನನ್ನ ಮಕ್ಕಳನ್ನ ನೋಡಿ ನಂಗೇ ಅಸಹ್ಯ ಆಗುತ್ತೆ.”

ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡಿದ್ದ. ಅವಳು ಹೊದಿಕೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಳು.

“ಹುಟ್ಟಿದ ತಕ್ಷಣ ನನ್ನ ಮುಖದ ಹತ್ರ ತಂದು ತೋರಿಸಿದ್ರು,” ಅಂದಳು. “ನಾನು ಕಣ್ಣು ಮುಚ್ಕೊಂಡೆ. ಜ್ವರ ಬಿಟ್ಟು ಎರಡು ದಿನ ಆಯ್ತು. ಹೊಲಿಗೇನೂ ಒಣಗಿದೆ, ಕೆಳಗೆ ಹೋಗಬಹುದು ಅಂತ ನಿನ್ನೇನೇ ಡಾಕ್ಟ್ರು ಹೇಳಿದ್ರು. ನಾನೇ ತಲೆ ಸುತ್ತುತ್ತೆ ಅಂದೆ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಮನೆಗೆ ಬೇರೆ ಬೇರೆ ಬಾಗಿಲಿಂದ ನುಗ್ಗಿದ ಇಬ್ಬರು ಕಳ್ಳರು ಎದುರುಬದುರಾದಂತೆ.

“ನೀವು ಮೊದಲು ಹೋಗಿ,” ಅವಳೇ ಅಂದಳು. “ಬಂದು ನಿಜ ಹೇಳಿ. ಅಸಹ್ಯ ಆದ್ರೆ ಆಯ್ತು ಅಂತಾನೇ ಹೇಳಿ. ಸುಳ್ಳು ಮಾತ್ರ ಬೇಡ.”

ನಾಲ್ಕು ದಿನ ಬಿಟ್ಟು ಅವನು ಕೆಳಗೆ ಹೋದಾಗ ಗಾಯ ಮಾಯ್ದಿತ್ತು, ಎದೆಯ ತುಂಬ ಕುರುಚಲು ಮೊಳೆತು ತುರಿಸುತ್ತಿತ್ತು. ದೊಡ್ಡ ಸಿಸ್ಟರ್ ಅವನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ನಳಿಕೆಗಳ ಸಮೇತ ಚಿಕ್ಕವನನ್ನು ತಂದು ಎದೆಯ ಮೇಲಿಟ್ಟು ಬಟ್ಟೆ ಹೊದಿಸಿದರು. ಭಾರವೇ ಇಲ್ಲ. ಒದ್ದೆ ಒದ್ದೆ ಬಿಸಿ. ಸೋಪಣ್ಣ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದ. ಅಸಹ್ಯ ಆಯಿತು, ಇಲ್ಲ ಅನ್ನುವಂತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಉಸಿರು ಬಿಡಲೇಬೇಕಾಯಿತು. ಅವನ ಎದೆ ಇಳಿದಾಗ ಮಗುವೂ ಇಳಿಯಿತು, ಏರಿದಾಗ ಏರಿತು. ಕಣ್ಣು ತೆರೆದರೆ ಗಲ್ಲದ ಕೆಳಗೇ ಆ ಕೆಟ್ಟ ಬೋಳು ಮಚ್ಚೆ. ಯಾವ ಪುಣ್ಯಾತ್ಮ ಹೀಗೆ ಹೆರೆದನೋ ಅಂತ ಸಿಟ್ಟು ಬಂತು. ತನ್ನ ಮಗನ ತಲೆಯನ್ನು ಬೇರೆಯವನು ಕೆಡಿಸಿದ್ದಕ್ಕೆ ಬಂದ ಸಿಟ್ಟು ಅದು. ಕೂದಲು ಹೇಗೆ ಬೆಳೆದರೆ ಆ ಜಾಗ ಮುಚ್ಚೀತು ಅಂತ ಲೆಕ್ಕ ಹಾಕುತ್ತ ಕೂತ.

ಅರ್ಧ ಗಂಟೆಯಾಗಿರಬಹುದು, ಮಗು ಮುಖ ಕಿವುಚಿ ಹಾಲು ಕಕ್ಕಿತು. ಬಿಳಿ ಗಸಿ ಅವನ ಎದೆಯ ಕುರುಚಲಲ್ಲಿ ಹಬ್ಬಿ ಹೊಟ್ಟೆಯತ್ತ ಇಳಿಯಿತು. ಸಿಸ್ಟರ್ ಮಗುವಿನ ತಲೆ ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಏನೂ ಆಗಿಲ್ಲ ಅಂದು, ಅವನತ್ತ ಒದ್ದೆ ಬಟ್ಟೆ ಚಾಚಿದರು.

“ಬೇಡ ಸಿಸ್ಟರ್. ಒರೆಸೋಕೆ ಹೋದ್ರೆ ಅಲುಗಾಡಬೇಕಾಗುತ್ತೆ. ಈಗ ತಾನೇ ಮಲಗಿದ್ದಾನೆ.”

ಮೇಲಿನ ವಾರ್ಡಿಗೆ ಅವನು ಹೋದಾಗ ಹೆಂಡತಿ ಮೂಗು ಮುರಿದಳು.

“ಏನ್ರೀ ಇದು, ಹುಳಿ ಹುಳಿ ವಾಸನೆ?”

“ಚಿಕ್ಕೋನು ಕಕ್ಕಿದ.”

“ಅಸಹ್ಯ ಆಯ್ತಾ?”

“ಆಯ್ತು.”

“ತೊಳ್ಕೊಂಡು ಬರಬಾರದಿತ್ತಾ?”

ಸೋಪಣ್ಣ ತನ್ನ ಅಂಗಿಯ ಕಲೆ ನೋಡಿಕೊಂಡ. ದಾರಿಯಲ್ಲಿ ಎರಡು ನಲ್ಲಿಗಳಿದ್ದವು.

“ಮರೆತೇ ಹೋಯ್ತು ಕಣೇ,” ಅಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ಹೊದಿಕೆ ಸರಿಸಿ, ಮಂಚದಿಂದ ಕಾಲು ಇಳಿಬಿಟ್ಟು, ಚಪ್ಪಲಿಗಾಗಿ ತಡಕಾಡಿದಳು.