ನಾರ್ವೆಯ ಕಾದಂಬರಿಗೆಂದೇ ಉಳಿಸಿಟ್ಟ ದನಿ

ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಂಧರ ಗ್ರಂಥಾಲಯದ ಹಿಂಬದಿಯ ಕೋಣೆಗೆ ಕಾಲಿಡುವ ಮುನ್ನ ಆಕೆ ಕೈಗಡಿಯಾರ ಬಿಚ್ಚಿ ಬಾಗಿಲಾಚೆಯ ಸ್ಟೂಲಿನ ಮೇಲೆ ಇಡುತ್ತಾರೆ. ಅದರ ಟಿಕ್‌ಟಿಕ್ ಕೂಡ ಮೈಕಿಗೆ ಕೇಳುತ್ತದೆ. ಚಪ್ಪಲಿಯೂ ಹೊರಗೇ. ಮನೆಯಿಂದ ಹೊರಡುವಾಗ ಎರಡು ತುಂಡು ಬ್ರೆಡ್ಡು ತಿಂದಿದ್ದಾರೆ; ಹಸಿವಿಗಲ್ಲ, ಖಾಲಿ ಹೊಟ್ಟೆ ಗುಡುಗುಡು ಅಂದರೆ ಅದೂ ಕಾದಂಬರಿಯೊಳಗೆ ಸೇರಿಕೊಳ್ಳುತ್ತದೆಂದು. ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊದಿಸಿರುವ ಆ ಕೋಣೆಯಲ್ಲಿ ಅವರು ಕೂತು, ಒಂದು ಗುಟುಕು ಉಗುರುಬೆಚ್ಚನೆಯ ನೀರು ಕುಡಿದು, ಗಾಜಿನಾಚೆಗೆ ತಲೆಯಾಡಿಸುತ್ತಾರೆ.

ಗಾಜಿನಾಚೆ ಹೆಡ್‌ಫೋನು ಏರಿಸಿಕೊಂಡು ಕೂತಿರುವವರು ಧ್ವನಿಮುದ್ರಣ ನೋಡಿಕೊಳ್ಳುವ ನೆರೆಗೂದಲಿನ ಗೃಹಸ್ಥ. ಎಲ್ಲರಿಗೂ ಅವರು ಕಿವಿಯಣ್ಣ. ಒಳಗಿರುವವರು ಓದಕ್ಕ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಮುದ್ರಿಸುವುದು ಅವರ ಕೆಲಸ. ಅದರಲ್ಲೂ ನಾರ್ವೆಯ ಕಾದಂಬರಿಗಳ ಅನುವಾದ ಬಂದರೆ ಅದು ಅವರ ಪಾಲಿಗೇ.

ಇವತ್ತು ಇಬ್ಬರ ಮುಖದಲ್ಲೂ ಗೆಲುವಿಲ್ಲ. ಓದಕ್ಕನ ಧ್ವನಿತಂತುವಿನ ಮೇಲೆ ಕಾಳಿನಷ್ಟು ಗಂಟು ಬೆಳೆದಿದೆ. ಸೋಮವಾರ ಆಪರೇಷನ್. ಆಮೇಲೆ ದನಿ ಮೊದಲಿನಂತೆ ಬರುತ್ತದೋ ಇಲ್ಲವೋ, ಡಾಕ್ಟರು ಭರವಸೆ ಕೊಟ್ಟಿಲ್ಲ. ಇವತ್ತು ಶನಿವಾರ, ನಾಳೆ ಗ್ರಂಥಾಲಯಕ್ಕೆ ರಜೆ. ಕೈಲಿರುವ ಕಾದಂಬರಿಯಲ್ಲಿ ಇನ್ನೊಂದು ಅಧ್ಯಾಯ ಬಾಕಿ.

ಒಂದು ಪುಸ್ತಕಕ್ಕೆ ಒಂದೇ ದನಿ ಎಂಬುದು ಇಲ್ಲಿಯ ಕಟ್ಟುಪಾಡು. ಓದುವವರು ನಡುವೆ ಬಿಟ್ಟರೆ, ಬೇರೊಬ್ಬರು ಮೊದಲ ಪುಟದಿಂದ ಮತ್ತೆ ಶುರುಮಾಡಬೇಕು. ಅದರಲ್ಲಿ ತಪ್ಪೇನಿಲ್ಲ. ವಾರಗಟ್ಟಲೆ ಒಂದು ದನಿಯ ಜೊತೆ ಬಾಳಿದವರಿಗೆ ಕೊನೆಯ ಅಧ್ಯಾಯದಲ್ಲಿ ಪರಕೀಯರು ಬಂದು ಕೂತರೆ ಹೇಗಿರುತ್ತದೆ? ಆದರೆ ನಾರ್ವೆಯ ಪುಸ್ತಕವೆಂದರೆ ಉಳಿದ ಓದುಗರು ಮಾರು ದೂರ ಸರಿಯುತ್ತಾರೆ. ಊರಿನ ಹೆಸರು ಹೇಳುವಷ್ಟರಲ್ಲಿ ನಾಲಿಗೆ ಗಂಟು ಬೀಳುತ್ತದೆ ಎಂಬುದು ಅವರ ದೂರು. ಇವತ್ತು ಮುಗಿಯದಿದ್ದರೆ ಈ ಪುಸ್ತಕ ಮೂಲೆ ಸೇರುವುದು ಖಚಿತ.

"ಡಾಕ್ಟ್ರು ಮಾತೇ ಬೇಡ ಅಂದ್ರು. ಕಾಡಿ ಬೇಡಿ ಬೆಳಗ್ಗೆ ಸ್ವಲ್ಪ ಹೊತ್ತು ಪರ್ಮಿಷನ್ ತಗೊಂಡೆ," ಎಂದು ಒಳಗೆ ಹೋಗುವ ಮುನ್ನವೇ ಓದಕ್ಕ ಕಿವಿಯಣ್ಣನಿಗೆ ಹೇಳಿದ್ದಾರೆ. ದನಿ ಮರಳುಕಾಗದ ಉಜ್ಜಿದ ಹಾಗಿದೆ. "ಪಿಸುಗುಟ್ಟೋದು ಇನ್ನೂ ಕೆಟ್ಟದ್ದಂತೆ. ಅದಕ್ಕೆ ನಿಮಗೆ ನಾಲ್ಕು ಮಾತು ಕೊಡ್ತೀನಿ. ಮಿಕ್ಕಿದ್ದೆಲ್ಲ ಇವರದ್ದು." ಇವರು ಅಂದರೆ ಪುಸ್ತಕದೊಳಗಿನ ಜನ.

ಹೀಗೆ ದನಿಯನ್ನು ಹಿಡಿದು ಹಿಡಿದು ಖರ್ಚು ಮಾಡುವುದರ ಬಿಸಿ ಮನೆಯವರಿಗೂ ತಟ್ಟಿದೆ. ಬೆಳಗಿನ ಓದು ಮುಗಿಸಿ ಹೋದಮೇಲೆ ಮನೆಯಲ್ಲಿ ಅವರದು ಬರೀ ಸನ್ನೆ. ಮೇಜು ತಟ್ಟಿದರೆ ಊಟ, ಚಪ್ಪಾಳೆ ಹೊಡೆದರೆ ಯಾರೋ ಬಂದಿದ್ದಾರೆ ಎಂದರ್ಥ. ಬಸ್ ಮೆಕ್ಯಾನಿಕ್ ಆಗಿರುವ ಗಂಡ ಮೊದಲು ನಕ್ಕರು, ಈಗ ನಗುವುದಿಲ್ಲ. "ಮದುವೆಯಾದಾಗಿಂದ ಒಂಚೂರು ಸುಮ್ನಿರೇ ಅಂತಿದ್ದೆ ನಾನು. ಈಗ ಸುಮ್ನಿದ್ದಾಳೆ, ನನಗೆ ತುತ್ತು ಇಳೀತಿಲ್ಲ. ಬೈಯೋದಾದ್ರೂ ಬೈಯೇ ಅಂದೆ. ಸೌಟು ತೋರಿಸಿದ್ಲು," ಎನ್ನುತ್ತಾರೆ.

ಇವರಿಬ್ಬರ ಗಂಟು ಬಿದ್ದದ್ದೂ ದನಿಯಿಂದಲೇ. ಓದಕ್ಕ ಮೊದಲು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದರು. ಹೊಗೆ, ಧೂಳು, ಹಾರ್ನುಗಳ ನಡುವೆ ಗಂಟಲು ಹರಿದುಕೊಂಡು ಬಸ್ಸುಗಳನ್ನು ಕೂಗಿ ಕರೆಯುವ ಕೆಲಸ. ಡಿಪೋದಲ್ಲಿ ನಟ್ಟು ಬಿಗಿಯುತ್ತಿದ್ದವನು ಆ ದನಿ ಯಾರದೆಂದು ಹುಡುಕಿಕೊಂಡು ಬಂದ. ಒಂದು ದಿನ ನಿಲ್ದಾಣಕ್ಕೆ ಯಂತ್ರದ ದನಿ ಬಂತು, ಓದಕ್ಕ ಮನೆಗೆ ಬಂದರು. ಗ್ರಂಥಾಲಯದವರು ಓದುವವರು ಬೇಕೆಂದಾಗ ಕಥೆ ಪುಸ್ತಕದ ಗಂಧಗಾಳಿ ಇಲ್ಲದಿದ್ದರೂ ಹೋಗಿ ನಿಂತರು. ಹೊಸಬರಲ್ಲವೇ ಎಂದು ಅಲ್ಲಿಯವರು, ಯಾರೂ ಮುಟ್ಟದ ಪೆಟ್ಟಿಗೆಯೊಂದನ್ನು ಇವರ ಮುಂದೆ ಸರಿಸಿದರು. ಯಾರೋ ದಾನ ಕೊಟ್ಟಿದ್ದ, ನಾರ್ವೆಯ ಕಾದಂಬರಿಗಳ ಅನುವಾದಗಳಿದ್ದ ಪೆಟ್ಟಿಗೆ.

ಮೊದಲ ಪುಸ್ತಕ ಓದುವಾಗ ಅವರಿಗೆ ರೇಗಿಹೋಯಿತಂತೆ. ಇಬ್ಬರು ಅಣ್ಣತಮ್ಮಂದಿರು ಒಂದು ಇಡೀ ಅಧ್ಯಾಯ ದೋಣಿ ರಿಪೇರಿ ಮಾಡುತ್ತಾರೆ. ಜಗಳ ಆಸ್ತಿಯದ್ದು, ಮಾತು ಮಾತ್ರ ಮೊಳೆಯದ್ದು. ಎರಡನೆಯದರಲ್ಲಿ ರಸ್ತೆಗಾಗಿ ಮನೆ ಬಿಟ್ಟುಕೊಡಲೊಪ್ಪದ ವಿಧವೆ, ಕೆಡವಲು ಬಂದವರಿಗೇ ದಿನಾ ಕಾಫಿ ಮಾಡಿಕೊಡುತ್ತಾಳೆ. ಅಷ್ಟು ಹೊತ್ತಿಗೆ ಓದಕ್ಕನಿಗೆ ಮರುಳು ಹಿಡಿದಿತ್ತು. "ಅಲ್ಲಿ ಯಾರೂ ಎದೆ ಬಡ್ಕೊಂಡು ಹೇಳಲ್ಲ. ಇನ್ನೊಂದ್ ಕಪ್ ಕಾಫಿ ಬೇಕಾ ಅಂತಾರೆ. ಆ ಕೇಳೋದ್ರಲ್ಲೇ ಎಲ್ಲ ಇರತ್ತೆ. ನಮ್ಮನೇಲೂ ಹಾಗೇ ಅಲ್ವಾ?" ಬಾಗಿಲಲ್ಲಿ ನಿಂತಾಗಲೇ ನಾಲ್ಕು ಮಾತಿನಲ್ಲಿ ಎರಡನ್ನು ಅವರು ಇದಕ್ಕೇ ಸುರಿದಿದ್ದಾರೆ.

ಅಂಥ ಪುಸ್ತಕದಲ್ಲಿ ಮಾತಿಗಿಂತ ಮೌನವೇ ಹೆಚ್ಚು. ಅದರಿಂದಲೇ ಹಿಂದೊಮ್ಮೆ ಎಡವಟ್ಟಾಯಿತು. ಓದಿನ ನಡುವೆ ಉದ್ದನೆಯ ಸದ್ದಿಲ್ಲದ ಜಾಗವಿದ್ದರೆ ಕತ್ತರಿಸಿ ಹಾಕುವುದು ಕಿವಿಯಣ್ಣನ ರೂಢಿ. ಕೇಳುವವರು ಯಂತ್ರ ಕೆಟ್ಟಿತೆಂದು ಗಾಬರಿಯಾಗಬಾರದಲ್ಲ. ಓದಕ್ಕ ಬೇಕೆಂದೇ ಬಿಟ್ಟಿದ್ದ ಮೌನಗಳನ್ನೆಲ್ಲ ಅವರು ಅಚ್ಚುಕಟ್ಟಾಗಿ ತೆಗೆದು ಬಿಸಾಡಿದ್ದರು. ವಾರ ಕಳೆಯುವುದರೊಳಗೆ ಒಂದು ಫೋನು. ಕಣ್ಣು ಕಳೆದುಕೊಂಡ ನಿವೃತ್ತ ರೈಲು ಚಾಲಕರು. ಇಲ್ಲಿಯವರ ಬಾಯಲ್ಲಿ ಎಂಜಿನ್ ಅಜ್ಜ.

"ಏನಪ್ಪಾ, ಆ ಅಪ್ಪ ಮಗ ಮೂರು ವರ್ಷ ಮಾತು ಬಿಟ್ಟವರು ಅಂತೀರಿ. ಮಗ ಕೇಳೋದೇ ತಡ, ಅಪ್ಪ ತಟ್ಟಂತ ಉತ್ತರ ಕೊಡ್ತಾನಲ್ಲ! ಇಬ್ರಿಗೂ ರೈಲು ತಪ್ಪೋಗತ್ತಾ?"

ಕಿವಿಯಣ್ಣ ಕತ್ತರಿಸಿದ್ದನ್ನೆಲ್ಲ ಮತ್ತೆ ಸೇರಿಸಿದರು. ಅಂದಿನಿಂದ ಇಬ್ಬರ ನಡುವೆ ಒಂದು ಒಪ್ಪಂದ. ಓದಕ್ಕ ಬೆರಳೆತ್ತಿದರೆ ಅದು ಪುಸ್ತಕದ ಮೌನ, ಮುಟ್ಟಬೇಡಿ ಎಂದು. ಅಂಗೈ ತೋರಿಸಿದರೆ ಗಂಟಲಿಗೆ ಬಿಡುವು, ಕತ್ತರಿಸಿ ಎಂದು. ಎಂಜಿನ್ ಅಜ್ಜ ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. "ಬೇರೆ ಪುಸ್ತಕದೋರು ಬಣ್ಣ ಹೇಳ್ತಾರೆ, ನಂಗೇನ್ ಉಪಯೋಗ? ಇವರು ಹಿಮ ಬಿದ್ದದ್ದನ್ನ ಸದ್ದು ನಿಂತದ್ದರಲ್ಲಿ ಹೇಳ್ತಾರೆ. ಅದು ನಂಗೆ ಕಾಣತ್ತೆ," ಎಂಬುದು ಅವರ ವಿಮರ್ಶೆ. ಈಗಿನ ಕಾದಂಬರಿಯ ಮುಗಿದಷ್ಟು ಅಧ್ಯಾಯ ಆಲಿಸಿದ ಅವರು ಈ ಸಲದ ಫೋನಿನಲ್ಲಿ ಕೇಳಿದ್ದು ಒಂದೇ: ಅಕ್ಕ ತಂಗಿ ಮಾತಾಡಿದರೋ ಇಲ್ಲವೋ? ಆಪರೇಷನ್ ವಿಷಯ ಅವರಿಗೆ ಯಾರೂ ತಿಳಿಸಿಲ್ಲ.

ಈ ಕಾದಂಬರಿಯ ಅಕ್ಕ ತಂಗಿಯರು ಒಂದೇ ದ್ವೀಪದ ಎರಡು ತುದಿಯಲ್ಲಿರುವವರು. ಅಪ್ಪ ಸತ್ತಾಗಿನಿಂದ ಮುಖ ನೋಡಿಲ್ಲ. ಕೊನೆಯ ಅಧ್ಯಾಯದಲ್ಲಿ ಅಕ್ಕ ಹಿಮದಲ್ಲಿ ನಡೆದು ತಂಗಿಯ ಬಾಗಿಲಿಗೆ ಬರುತ್ತಾಳೆ. ಓದಕ್ಕ ಆ ನಡಿಗೆಯನ್ನು ಓದುತ್ತಿದ್ದಾರೆ. ದನಿ ತೆಳ್ಳಗಾಗುತ್ತಿದೆ. ಒಂದೊಂದು ಪ್ಯಾರಾಕ್ಕೂ ಅಂಗೈ ತೋರಿಸುತ್ತಿದ್ದಾರೆ. ಗಾಜಿನಾಚೆ ಕಿವಿಯಣ್ಣ ಉಗುರು ಕಚ್ಚುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಪಕ್ಕದ ಗೋದಾಮಿಗೆ ಲಾರಿಗಳು ಬಂದರೆ ಕಂಬಳಿಯೂ ತಡೆಯಲಾರದು.

ಬಾಗಿಲು ತೆರೆಯುತ್ತದೆ. ತಂಗಿ ನಿಂತಿದ್ದಾಳೆ. ಓದಕ್ಕ ಬೆರಳೆತ್ತುತ್ತಾರೆ. ಮೌನ. ಆಮೇಲೆ ಅಕ್ಕ ಹೇಳಬೇಕಾದ ಒಂದೇ ಒಂದು ಮಾತು: "ನಿನ್ನ ಮನೆಯ ದೀಪ ಎರಡು ದಿನದಿಂದ ಕಾಣಲಿಲ್ಲ." ಆ 'ಕಾಣಲಿಲ್ಲ'ದಲ್ಲಿ ದನಿ ಫಟ್ಟನೆ ಒಡೆದುಹೋಗುತ್ತದೆ.

ಓದಕ್ಕ ಬೆರಳನ್ನೂ ಎತ್ತುವುದಿಲ್ಲ, ಅಂಗೈಯನ್ನೂ ತೋರಿಸುವುದಿಲ್ಲ. ಕಿವಿಯಣ್ಣನೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. "ಇರ್ಲಿ ಬಿಡಿ ಅಕ್ಕ. ಸತ್ಯವಾಗ್ಲೂ ಚೆನ್ನಾಗಿ ಬಂತು. ಅಳು ಬಂದ ಹಾಗೇ ಕೇಳತ್ತೆ. ಕೇಳೋರೂ ಅತ್ತುಬಿಡ್ತಾರೆ. ಇನ್ನೊಂದೇ ಪುಟ, ಮುಂದಕ್ಕೆ ಹೋಗೋಣ, ಗಂಟಲು ಉಳಿಸ್ಕೊಳ್ಳಿ."

ಓದಕ್ಕ ನೀರು ಕುಡಿಯುತ್ತಾರೆ. ಪುಟದ ಮೇಲೆ ಕೈಯಿಟ್ಟು ಬೇಡವೆಂದು ತಲೆಯಲ್ಲಾಡಿಸುತ್ತಾರೆ. ಉಳಿದೆರಡು ಮಾತನ್ನೂ ಖರ್ಚು ಮಾಡಿಯೇ ಬಿಡುತ್ತಾರೆ: "ಅವಳು ಅಳೋ ಹೆಂಗಸಲ್ಲ ಅಣ್ಣ. ಅಳೋದಾಗಿದ್ರೆ ಮೊದಲನೇ ವರ್ಷವೇ ಬರ್ತಿದ್ಲು. ಇದು ಒಡೆದದ್ದು ನನ್ನ ಗಂಟಲು. ನನ್ನ ಕಾಯಿಲೆ ಅವಳ ತಲೆಗೆ ಯಾಕೆ ಕಟ್ಟಲಿ?"

ಕಿವಿಯಣ್ಣ ಹೊರಗೆ ಹೋಗಿ ಮತ್ತೆ ಗುಂಡಿ ಒತ್ತುತ್ತಾರೆ. ಬಾಗಿಲು ತೆರೆಯುತ್ತದೆ, ತಂಗಿ ನಿಲ್ಲುತ್ತಾಳೆ, ಮೌನ. ಅಷ್ಟರಲ್ಲಿ ಹೊರಗೆ ಮೊದಲ ಲಾರಿ ಹಿಂದಕ್ಕೆ ಸರಿಯುತ್ತ ಕುಯ್ಯೋ ಮೊರ್ರೋ ಎಂದು ಕಿರುಚಿಕೊಳ್ಳುತ್ತದೆ. ಕಿವಿಯಣ್ಣ ಹೆಡ್‌ಫೋನು ಎಸೆದು ಬೀದಿಗೆ ಓಡುತ್ತಾರೆ. ಮೈಮೇಲೆ ಬಂದವರಂತೆ ಕೈಬೀಸುವ ಈ ಮನುಷ್ಯನನ್ನು ಕಂಡು ಡ್ರೈವರು ಎಂಜಿನ್ ಆರಿಸಿ, "ಯಾರಾದ್ರೂ ಹೋಗಿಬಿಟ್ರಾ ಒಳಗೆ?" ಎಂದು ಕೇಳುತ್ತಾನೆ. "ಇಲ್ಲಪ್ಪ, ಇಬ್ಬರು ಹೆಂಗಸರು ಮಾತಾಡಬೇಕು, ಸ್ವಲ್ಪ ಅವಕಾಶ ಕೊಡು," ಎಂದು ಕಿವಿಯಣ್ಣ ಕೈಮುಗಿಯುತ್ತಾರೆ.

ಡ್ರೈವರು ಬೀಡಿ ಹಚ್ಚುತ್ತಾನೆ. ಒಳಗೆ ಓದಕ್ಕ ಕಣ್ಣು ಮುಚ್ಚಿ ಕಾಯುತ್ತಿದ್ದಾರೆ. ಕಿವಿಯಣ್ಣ ಮರಳಿ ಬಂದು ಗುಂಡಿ ಒತ್ತಿದ ಸದ್ದು ಕೇಳಿದ ಮೇಲೂ ಕಾಯುತ್ತಾರೆ. ಆ ಮೌನ ಎಷ್ಟು ಉದ್ದವಾಗುತ್ತದೆಂದರೆ ಕಿವಿಯಣ್ಣನ ಕೈ ಎರಡು ಸಲ ಗುಂಡಿಯವರೆಗೆ ಹೋಗಿ ಬರುತ್ತದೆ. ಆಗ ಬರುತ್ತದೆ ಮಾತು. ಮೆಲ್ಲಗೆ, ನೆಟ್ಟಗೆ, ನೆರೆಮನೆಯವರು ನೆರೆಮನೆಯವರಿಗೆ ಹೇಳುವಷ್ಟೇ ಸಾದಾ ದನಿಯಲ್ಲಿ. ದೀಪ ಎರಡು ದಿನದಿಂದ ಕಾಣಲಿಲ್ಲ. ಎಲ್ಲಿಯೂ ಬಿರುಕಿಲ್ಲ. ಅಳುವುದು ಬೇಡವೆಂದರೂ ಗಾಜಿನಾಚೆ ಕಿವಿಯಣ್ಣ ಕನ್ನಡಕ ಒರೆಸಿಕೊಳ್ಳುತ್ತಾರೆ. ಉಳಿದ ಪುಟವನ್ನು ಓದಕ್ಕ ಒಂದೇ ಉಸಿರಿಗೆಂಬಂತೆ ದಾಟಿಸುತ್ತಾರೆ. ಪುಸ್ತಕ ಮುಗಿಯುತ್ತದೆ. ಬೀದಿಯಲ್ಲಿ ಲಾರಿ ಮತ್ತೆ ಕಿರುಚುತ್ತದೆ.

ಹೊರಗೆ ಬಂದ ಓದಕ್ಕ ಮನೆಗೆ ಹೊರಡುವುದಿಲ್ಲ. ಕಪಾಟಿನ ಕೆಳಗಿನ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಎಳೆದು ತಂದು ಕಿವಿಯಣ್ಣನ ಮೇಜಿನ ಮೇಲೆ ಇಡುತ್ತಾರೆ. ಅದೂ ನಾರ್ವೆಯದೇ. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಆಯುಸ್ಸು ಸವೆಸಿದ ನಾವಿಕರ ಕಥೆ.

"ಇದಾ? ಇದರಲ್ಲಿ ಬರೀ ಮುದುಕರು, ನನ್ನ ಸಣ್ಣ ದನಿಗೆ ಒಗ್ಗಲ್ಲ ಅಂತ ನೀವೇ ಬೇಡ ಅಂದಿದ್ರಲ್ಲ ಅಕ್ಕ?"

ಓದಕ್ಕ ಕೈಗಡಿಯಾರ ಕಟ್ಟಿಕೊಳ್ಳುತ್ತಾರೆ. ಇವತ್ತಿನ ಮಾತು ಮುಗಿದು ಬಹಳ ಹೊತ್ತಾಗಿದೆ. ಇನ್ನು ಆಡುವುದು ಸಾಲ ತಂದ ಮಾತು, ಗಂಡನಿಗಾದರೂ ಡಾಕ್ಟರಿಗಾದರೂ ಅದಕ್ಕೆ ಅವರೇ ಜವಾಬು ಹೇಳಿಕೊಳ್ಳಬೇಕು.

"ದನಿ ಒರಟಾಗಿ ಬಂದ್ರೆ," ಎನ್ನುತ್ತಾರೆ ಗಂಟಲು ಮುಟ್ಟಿಕೊಂಡು, "ಇದನ್ನ ನಂಗೇ ಇಟ್ಟಿರಿ."